ಟಾಂಗಾದ ಪುಷ್ಪಾವತಿ ಶರ್ಯತ್ತಿಗೆ ಇಳಿದದ್ದು

ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಬೆಳಗಾಯಿತು ಅಂತ ಗೊತ್ತಾಗುವುದು ಪುಷ್ಪಾವತಿಯ ನಗುವಿನಿಂದ. ಅವಳ ಕುದುರೆ ಕೆನೆದರೆ ಅವಳು ನಗುತ್ತಾಳೆ, ಅವಳು ನಕ್ಕರೆ ಕುದುರೆ ಕೆನೆಯುತ್ತದೆ, ಇಬ್ಬರಲ್ಲಿ ಯಾರು ಮೊದಲು ಸುರು ಮಾಡುತ್ತಾರೆ ಅನ್ನುವುದು ಇವತ್ತಿನವರೆಗೂ ತೀರ್ಮಾನವಾಗಿಲ್ಲ. ತೆಳ್ಳನೆಯ ಮೈ, ಸೊಂಟಕ್ಕೆ ಬಿಗಿದ ಸೆರಗು, ಕೈಯಲ್ಲಿ ಲಗಾಮು. ನಲವತ್ತು ಮುಟ್ಟಲು ಇನ್ನೂ ಸ್ವಲ್ಪ ಬಾಕಿ ಇರುವ ಹೆಂಗಸು. ಊರಿನಲ್ಲಿ ಉಳಿದಿರುವ ಟಾಂಗಾ ಇವಳದೊಂದೇ.

ಕುದುರೆಯ ಹುಚ್ಚು ಅವಳಿಗೆ ಹತ್ತಿದ್ದು ಪಕ್ಕದ ಮನೆಯ ಕಾಸೀಮಸಾಬರಿಂದ. ಅವರು ಸ್ಟೇಶನ್ ಎದುರು ಟಾಂಗಾ ಹೊಡೆಯುತ್ತಿದ್ದ ಕಾಲದಲ್ಲಿ ಈ ಹುಡುಗಿ ಸಾಲೆ ತಪ್ಪಿಸಿ ಹಿಂದಿನ ಸೀಟಿನಲ್ಲಿ ಕೂತುಬಿಡುತ್ತಿದ್ದಳು. ಆಮೇಲೆ ಆಟೋಗಳು ಬಂದವು, ಕಾಸೀಮಸಾಬರ ಮಕ್ಕಳೇ ಆಟೋ ಹಿಡಿದರು. ಅವರ ಮುದಿ ಹೆಣ್ಣು ಕುದುರೆ ಕೊನೆಗೊಂದು ಮರಿ ಹಾಕಿತು. ಕಂದು ಮೈ, ಹಣೆಯ ಮೇಲೆ ಬತ್ತಾಸಿನಷ್ಟು ದುಂಡನೆಯ ಬಿಳಿ ಬೊಟ್ಟು. ಕಾಸೀಮಸಾಬರು ಅದರ ಹಗ್ಗ ತಂದು ಪುಷ್ಪಾವತಿಯ ಕೈಗೆ ಕೊಟ್ಟರು.

“ನನ್ನ ಮಕ್ಕಳಿಗೆ ಇದರ ಭಾಷಾ ತಿಳಿಯೂದಿಲ್ಲವ್ವಾ. ನೀನ ಸಾಕು,” ಅಂದರು.

ಹೀಗೆ ಆ ಮರಿ ಬತ್ತಾಸಿ ಅನ್ನುವ ಹೆಸರಿನಿಂದ ಅವಳದಾಯಿತು.

ಅಷ್ಟರಲ್ಲಿ ಅವಳ ಮದುವೆಯೂ ಆಗಿತ್ತು. ಅದೂ ಕುದುರೆಯ ದೆಸೆಯಿಂದಲೇ. ಒಂದು ಮೆರವಣಿಗೆಯಲ್ಲಿ ಬತ್ತಾಸಿಯ ತಾಯಿಯನ್ನು ಹಿಡಿದುಕೊಂಡು ಅವಳು ನಡೆಯುತ್ತಿದ್ದಾಗ, ಬ್ಯಾಂಡ್ ಸೆಟ್ಟಿನ ದುರ್ಗೇಶ ತುತ್ತೂರಿ ಊದುತ್ತ ತೀರ ಹತ್ತಿರ ಬಂದ.

“ಕುದುರಿ ಕಿವ್ಯಾಗ ಊದಬ್ಯಾಡ್ರಿ!” ಅಂತ ಅವಳು ಸಿಡುಕಿದಳು.

“ಮತ್ತ ಯಾರ ಕಿವ್ಯಾಗ ಊದ್ಲಿ?” ಅಂತ ಅವನು ಕೇಳಿದ.

ಮುಂದಿನ ವರ್ಷ ಅದೇ ಕುದುರೆಯ ಮೇಲೆ ದುರ್ಗೇಶನೇ ಬಾಸಿಂಗ ಕಟ್ಟಿಕೊಂಡು ಕೂತಿದ್ದ.

ಬತ್ತಾಸಿ ಮಾಡದ ಕೆಲಸ ಇರಲಿಲ್ಲ. ಬೆಳಗ್ಗೆ ಸಂತೆಗೆ ಸೊಪ್ಪಿನ ಬುಟ್ಟಿ, ಬುಟ್ಟಿಯ ಜೊತೆ ಸೊಪ್ಪು ಮಾರುವ ಹೆಂಗಸರು, ಅವರ ಜೊತೆ ಅವರ ಜಗಳ, ಎಲ್ಲವನ್ನೂ ಎಳೆಯುತ್ತಿತ್ತು. ಮದುವೆ ಕಾಲದಲ್ಲಿ ಝರಿ ಬಟ್ಟೆ ಹೊದ್ದು ಬ್ಯಾಂಡಿನ ಮುಂದೆ ಕುಣಿಯುತ್ತಿತ್ತು. ಊರಿಗೆ ನಾಟಕ ಕಂಪನಿ ಬಂದಾಗ ರಾಜನನ್ನು ಹೊತ್ತು ರಂಗದ ಮೇಲೆ ಹೋಗುತ್ತಿತ್ತು. ರಾಜನ ಪಾತ್ರದವನ ಕಾಲು ಹೆದರಿಕೆಗೆ ಗಡಗಡ ನಡುಗಿದರೂ ಕುದುರೆ ಮಾತ್ರ ಗಂಭೀರವಾಗಿ ನಿಲ್ಲುತ್ತಿತ್ತು, ಜನ ಚಪ್ಪಾಳೆ ತಟ್ಟಿದರೆ ತನಗೇ ಅಂತ ತಲೆ ಆಡಿಸುತ್ತಿತ್ತು. ಒಂದು ಮಳೆಗಾಲ ತುಂಗಭದ್ರೆ ಉಕ್ಕಿ ಐರಣಿ ರಸ್ತೆಗೆ ನೀರು ಬಂದು ಆಟೋಗಳೆಲ್ಲ ಕೆಮ್ಮಿ ನಿಂತಾಗ, ಹೊಟ್ಟೆಮಟ್ಟದ ನೀರಿನಲ್ಲಿ ಒಬ್ಬ ಬಾಣಂತಿ, ಅವಳ ಕೂಸು, ಕೂಸಿನ ತೊಟ್ಟಿಲು ಮೂರನ್ನೂ ದಾಟಿಸಿಕೊಂಡು ಬಂತು.

“ಈ ಕುದುರಿ ಅಡಿಗಿ ಒಂದ ಮಾಡೂದಿಲ್ಲ ನೋಡ್ರಿ,” ಅನ್ನುತ್ತಿದ್ದಳು ಪುಷ್ಪಾವತಿಯ ಅತ್ತೆ ಮೈಲವ್ವ. “ಅದನ್ನೂ ಕಲಿಸಿದ್ರ ಸೊಸಿ ಮನ್ಯಾಗ ಇರೂದ ಬ್ಯಾಡ.”

ಇಂಥ ಬಾಳಿನಲ್ಲಿ ಬಿರುಗಾಳಿ ಎದ್ದದ್ದು ದೇವರಗುಡ್ಡದ ರಸ್ತೆಯಲ್ಲಿ. ಅಲ್ಲೊಂದು ಮದುವೆ ಮುಗಿಸಿ, ಮರುದಿನ ಬೆಳಗ್ಗೆ ಗಂಡ ಹೆಂಡತಿ ಟಾಂಗಾದಲ್ಲಿ ಮರಳುತ್ತಿದ್ದರು. ಹಿಂದೆ ಬ್ಯಾಂಡಿನ ದೊಡ್ಡ ಡೋಲು, ಅದನ್ನು ಅಪ್ಪಿಕೊಂಡು ತೂಕಡಿಸುತ್ತಿದ್ದ ದುರ್ಗೇಶ. ಅಷ್ಟರಲ್ಲಿ ಹಿಂದಿನಿಂದ ಟಕಟಕ ಸದ್ದು. ಹಗುರವಾದ ಶರ್ಯತ್ತಿನ ಗಾಡಿಗೆ ಕಟ್ಟಿದ ಒಂದು ಬಿಳಿ ಕುದುರೆ ಬಾಣದಂತೆ ಬಂದು ಇವರನ್ನು ದಾಟಿ ಹೋಯಿತು. ಅದರ ಹೆಸರು ತೂಫಾನ. ಗಾಡಿ ಹೊಡೆಯುತ್ತಿದ್ದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರವೀಣಕುಮಾರ. ಕುದುರೆ ಶರ್ಯತ್ತು ಅಂದರೆ ಊಟ ಬಿಡುವ ಮನುಷ್ಯ. ನಸುಕಿನಲ್ಲಿ ಆ ರಸ್ತೆ ಖಾಲಿ ಇರುತ್ತದೆಂದು ಅಲ್ಲಿಗೆ ಬಂದು ತಾಲೀಮು ಮಾಡಿಸುತ್ತಿದ್ದ.

ಬತ್ತಾಸಿಗೆ ಏನನಿಸಿತೋ. ಕಿವಿ ಹಿಂದಕ್ಕೆ ಮಲಗಿಸಿತು, ಕತ್ತು ಚಾಚಿತು, ಹೊರಟಿತು.

“ಪುಷ್ಪೀ, ಹಿಡಿ! ಹಿಡಿಯೇ ಅದನ್ನ!” ಅಂತ ದುರ್ಗೇಶ ಕಿರಿಚಿದ. ಡೋಲು ಒಮ್ಮೆ ಅವನ ಮೇಲೆ, ಒಮ್ಮೆ ಅವನು ಡೋಲಿನ ಮೇಲೆ.

ಪುಷ್ಪಾವತಿ ಲಗಾಮು ಜಗ್ಗಬೇಕಿತ್ತು. ಜಗ್ಗಲಿಲ್ಲ. ಗಾಳಿ ಬಾಯೊಳಗೆ ನುಗ್ಗಿ ಹಲ್ಲೆಲ್ಲ ತಣ್ಣಗಾದವು, ಅವಳು ಸಣ್ಣ ಹುಡುಗಿಯಂತೆ ‘ಹೋ’ ಅಂತ ಕೂಗಿಬಿಟ್ಟಳು. ಟಾಂಗಾ, ಡೋಲು, ಗಂಡ ಎಲ್ಲವನ್ನೂ ಎಳೆದುಕೊಂಡು ಬತ್ತಾಸಿ ತೂಫಾನನ ಪಕ್ಕಕ್ಕೆ ಬಂತು, ನಾಲ್ಕು ಹೆಜ್ಜೆ ಸಮಸಮ ಓಡಿತು, ದಾಟಿ ಹೋಯಿತು.

ಪ್ರವೀಣಕುಮಾರ ಗಾಡಿ ನಿಲ್ಲಿಸಿ ಓಡಿ ಬಂದ. ಬೈಯಲು ಬರುತ್ತಿದ್ದಾನೆ ಅಂದುಕೊಂಡರೆ ಎರಡೂ ಕೈ ಮುಗಿದು ನಿಂತ.

“ಅಕ್ಕಾರ, ಈ ಕುದುರಿ ಏನ ಮಾಡತೈತ್ರಿ?”

“ಏನ ಹೇಳಿದ್ರ ಅದನ್ನ ಮಾಡತೈತ್ರಿ ಸಾವ್ಕಾರ್ರ. ಸೊಪ್ಪು ಒಯ್ಯತೈತಿ, ಮದಿವ್ಯಾಗ ಕುಣಿತೈತಿ, ನಾಟಕದಾಗ ಪಾರ್ಟ್ ಮಾಡತೈತಿ.”

ಪ್ರವೀಣಕುಮಾರ ಹಣೆ ಹಣೆ ಬಡಿದುಕೊಂಡ. “ಸೊಪ್ಪರೀ? ಇಂಥಾ ಕಾಲಿಗೆ ಸೊಪ್ಪರೀ? ಸಂಕ್ರಾಂತಿ ಮುಂದ ಮೋಟೆಬೆನ್ನೂರಾಗ ಶರ್ಯತ್ತು ಐತಿ. ಅಲ್ಲೀ ಮಟ ನನ್ನ ಮಾತು ಕೇಳ್ರಿ. ಓಡೂದು ಬಿಟ್ಟು ಬ್ಯಾರೆ ಏನೂ ಮಾಡಸಬ್ಯಾಡ್ರಿ. ತಾಲೀಮು ನಾ ಮಾಡಸ್ತೀನಿ. ನನ್ನ ತೂಫಾನನ ಎದುರಿಗೇ ಇದು ನಿಲ್ಲಲಿ, ಅಡ್ಡಿಲ್ಲ.”

ಆ ಸಂಜೆ ಓಣಿಯ ಕಟ್ಟೆಯ ಮೇಲೆ ದೊಡ್ಡ ಚರ್ಚೆ. ಕಾಸೀಮಸಾಬರಿಗೆ ಮನಸ್ಸಿರಲಿಲ್ಲ.

“ಒಂದ ಕೆಲಸ ಕಲಿತ ಕುದುರಿ ಮೈದಾನದಾಗ ರಾಜಾ ಇರತೈತಿ. ಮೈದಾನ ದಾಟಿತು ಅಂದ್ರ ಪ್ಲಾಸ್ಟಿಕ್ ಚೀಲ ಹಾರಿದ್ರೂ ಅಂಜತೈತಿ,” ಅಂದರು.

ಪ್ರವೀಣಕುಮಾರ ಸಿಟ್ಟಾಗಲಿಲ್ಲ. “ಖರೇ ಐತ್ರಿ ಸಾಬರ. ನನ್ನ ತೂಫಾನ ಹಂಗ ಐತಿ. ಆದ್ರ ಅದು ಓಡೂದು ನೋಡಿದ್ರಿಲ್ಲೋ? ಹತ್ತು ಕಡೆ ಮನಸ ಇಟ್ಟಿದ್ರ ಹಂಗ ಓಡತಿತ್ತೇನ್ರಿ?”

ಇಬ್ಬರ ಮಾತೂ ಸರಿಯಾಗಿಯೇ ಇದ್ದದ್ದರಿಂದ ಯಾರಿಗೂ ಏನೂ ಹೊಳೆಯಲಿಲ್ಲ. ಎಲ್ಲರೂ ಪುಷ್ಪಾವತಿಯ ಮುಖ ನೋಡಿದರು. ಅವಳ ಕಣ್ಣು ಬೆಳಗಿನಿಂದಲೂ ಹೊಳೆಯುತ್ತಲೇ ಇತ್ತು.

“ಆತ್ರಿ. ಆದ್ರ ಗಾಡಿ ನಾನ ಹೊಡಿತೀನಿ,” ಅಂದಳು.

ತಾಲೀಮು ಸುರುವಾಯಿತು. ಮೊದಲು ಐರಣಿಯ ಹೊಳೆ. ಟೆಂಪೋದಲ್ಲಿ ಬತ್ತಾಸಿಯನ್ನು ಒಯ್ದು ಮೊಣಕಾಲು ನೀರಿನಲ್ಲಿ ನಡೆಸುವುದು, ಉಸುಕಿನಲ್ಲಿ ಓಡಿಸುವುದು. ಮನೆಗೆ ಬಂದ ಮೇಲೆ ಎಣ್ಣೆಯ ಮಾಲೀಸು, ನೆನೆಸಿದ ಕಡಲೆ, ಹಾಲು, ಬದಾಮು.

“ನಾ ಎರಡ ಹಡದಾಗೂ ನನಗ ಯಾರೂ ಬದಾಮು ಕೊಡಲಿಲ್ಲ,” ಅಂತ ಮೈಲವ್ವ ಕುದುರೆಯ ಬುಟ್ಟಿಯಿಂದಲೇ ಎರಡು ಎತ್ತಿ ಬಾಯಿಗೆ ಹಾಕಿಕೊಂಡಳು.

ಸೊಪ್ಪು ಬಂದ್, ಮದುವೆ ಬಂದ್, ನಾಟಕ ಬಂದ್. ತುತ್ತೂರಿಯ ಸದ್ದು ಕೇಳಿದರೆ ಕುದುರೆಯ ಗಮನ ಕೆಡುತ್ತದೆಂದು ಪ್ರವೀಣಕುಮಾರ ಹೇಳಿದ್ದೇ ತಡ, ದುರ್ಗೇಶ ತನ್ನ ತುತ್ತೂರಿ ಎತ್ತಿಕೊಂಡು ಊರಾಚೆ ಕೆರೆ ದಂಡೆಗೆ ಹೋಗಿ ಊದತೊಡಗಿದ. ಬ್ಯಾಂಡಿನ ಜೊತೆ ಕುದುರೆ ಇಲ್ಲದೆ ಮದುಮಕ್ಕಳು ತೆರೆದ ಜೀಪಿನಲ್ಲಿ ಬರುವಂತಾಯಿತು. ಆದರೂ ದುರ್ಗೇಶ ಸಹಿಸಿಕೊಂಡ. ಹೆಂಡತಿ ಅಷ್ಟು ಖುಷಿಯಾಗಿದ್ದುದನ್ನು ಅವನು ಕಂಡೇ ಇರಲಿಲ್ಲ.

ಬತ್ತಾಸಿ ಬದಲಾಯಿತು. ಮೈ ಬಿಗಿಯಿತು, ತೊಡೆಯಲ್ಲಿ ನರಗಳು ಎದ್ದವು, ಚರ್ಮ ಎಣ್ಣೆ ಹಚ್ಚಿದ ಹಲಸಿನ ಕಟ್ಟಿಗೆಯಂತೆ ಮಿನುಗಿತು. ಆದರೆ ಓಣಿಯ ಮಕ್ಕಳು ಮೂಗು ಸವರಲು ಬಂದರೆ ಮುಖ ತಿರುಗಿಸಿತು. ಕೆಂಪು ಬಸ್ಸು ಕಂಡರೆ ಅದರ ಜೊತೆ ಶರ್ಯತ್ತಿಗೆ ನಿಂತಿತು. ಸೊಪ್ಪಿನ ಹೆಂಗಸರು ಪ್ರೀತಿಯಿಂದ ಒಂದು ಬುಟ್ಟಿ ತಂದು ಮುಂದಿಟ್ಟರೆ, ಅದನ್ನು ಎಂದೂ ಕಂಡೇ ಇಲ್ಲ ಅನ್ನುವ ಹಾಗೆ ಬೆದರಿತು.

ಪುಷ್ಪಾವತಿಯೂ ಬದಲಾದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ತಿರುವಿನ ಲೆಕ್ಕ ಹಾಕುತ್ತಿದ್ದಳು. ಎಡಗೈ ಲಗಾಮು ಎಷ್ಟು ಸಡಿಲ ಬಿಡಬೇಕು ಅಂತ ಅತ್ತೆಗೆ ವಿವರಿಸುತ್ತ ಪಲ್ಯವನ್ನು ಗಂಡನ ತಟ್ಟೆಗೆ ಬಡಿಸುವ ಬದಲು ಅವನ ತೊಡೆಗೆ ಬಡಿಸಿದಳು. ನಿದ್ದೆಯಲ್ಲಿ ‘ಹೈ ಹೈ’ ಅನ್ನುತ್ತಿದ್ದಳಂತೆ.

ಶರ್ಯತ್ತಿನ ದಿನ ಮೋಟೆಬೆನ್ನೂರಿನ ಹೊಲದ ಸುತ್ತ ಜನವೋ ಜನ. ಶರ್ಯತ್ತು ನಡೆಸುವ ಸಂಘದ ಹಿರಿಯರೊಬ್ಬರು ಪುಷ್ಪಾವತಿ ಗಾಡಿ ಏರುವುದನ್ನು ನೋಡಿ ಕೈ ಅಡ್ಡ ಹಿಡಿದರು.

“ಹೆಣ್ಣಮಗಳು ಗಾಡಿ ಹೊಡಿಬೇಕು ಅಂತ ನಮ್ಮ ನೇಮದಾಗ ಇಲ್ರಿ.”

“ಹೊಡಿಬಾರದು ಅಂತನೂ ಇಲ್ಲಲ್ರಿ ಯಜಮಾನ್ರ,” ಅಂದ ಪ್ರವೀಣಕುಮಾರ.

ಹಿರಿಯರು ಯೋಚಿಸಿದರು. ಸುತ್ತ ನಿಂತವರು ಆಗಲೇ ಶಿಳ್ಳೆ ಹಾಕುತ್ತಿದ್ದರು. “ಆತು ತಾಯಿ, ಬೀಳಬ್ಯಾಡ ಮತ್ತ,” ಅಂತ ಕೈ ತೆಗೆದರು.

ಹೊಲದ ತುದಿಯ ಬಾವುಟ ಸುತ್ತಿ ವಾಪಸು ಬರಬೇಕು. ಚಾವಟಿ ಇಲ್ಲ, ಬರೀ ಲಗಾಮು, ಬಾಯಿಮಾತು. ಆ ದಿನ ಬಹುಮಾನ ಹಂಚುವಾಗ ಬಾರಿಸಲು ಸಂಘದವರು ಕರೆಸಿದ್ದು ದುರ್ಗೇಶನ ಬ್ಯಾಂಡನ್ನೇ. ಎಲ್ಲ ಗಾಡಿಗಳು ಗೆರೆ ದಾಟುವವರೆಗೆ ತುತ್ತೂರಿ ಮುಟ್ಟುವುದಿಲ್ಲ ಅಂತ ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಮುಟ್ಟದಿರಲಿ ಅಂತ ಅದನ್ನು ಪೆಟ್ಟಿಗೆಯಲ್ಲಿಟ್ಟು ಪೆಟ್ಟಿಗೆಯ ಮೇಲೆ ತಾನೇ ಕೂತಿದ್ದ.

ಶಿಳ್ಳೆ ಊದಿದರು. ಗಾಡಿಗಳು ಹಾರಿದವು. ಪ್ರವೀಣಕುಮಾರನ ತೂಫಾನ ಓಡುವುದನ್ನು ನೋಡಿ ಪುಷ್ಪಾವತಿಯೇ ಒಂದು ಕ್ಷಣ ಮೈಮರೆತಳು. ಅದು ಬಾವುಟ ಸುತ್ತಿದ್ದು ಸೂಜಿಯೊಳಗೆ ದಾರ ಹೋದ ಹಾಗೆ, ಒಂದು ಗೇಣು ಅತ್ತಿತ್ತ ಇಲ್ಲ. ಬತ್ತಾಸಿ ದೊಡ್ಡದಾಗಿ ತಿರುಗಿ ಹಿಂದೆ ಬಿತ್ತು. ಆದರೆ ಮರಳುವ ದಾರಿಯಲ್ಲಿ ಜನ ಉಮೇದಿನಿಂದ ಹಗ್ಗ ಜಗ್ಗಿ ಒಳಗೆ ನುಗ್ಗಿದರು. ರುಮಾಲು ಹಾರಿದವು, ಗುಲಾಲು ಹಾರಿತು. ತೂಫಾನ ಗಾಬರಿಗೊಂಡು ಅರೆಕ್ಷಣ ಹೆಜ್ಜೆ ತಡೆಯಿತು. ಬತ್ತಾಸಿಗೆ ಗುಲಾಲು ಹೊಸದೇ? ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದದ್ದು. ಸೀದಾ ನುಗ್ಗಿ ಮುಂದೆ ಬಂತು.

ಹೆಂಡತಿ ಮುಂದೆ ಬರುವುದನ್ನು ದುರ್ಗೇಶ ಕಂಡ. ಸೆರಗು ಬಿಚ್ಚಿ ಬಾವುಟದಂತೆ ಹಾರುತ್ತಿತ್ತು, ಅವಳ ಬಾಯಿ ತೆರೆದಿತ್ತು, ಮುಖವೆಲ್ಲ ನಗುವಾಗಿತ್ತು. ಅವನು ಎದ್ದದ್ದು ಯಾವಾಗ, ಪೆಟ್ಟಿಗೆ ತೆರೆದದ್ದು ಯಾವಾಗ, ಅವನಿಗೇ ಗೊತ್ತಿಲ್ಲ. ಎದೆಯುಸಿರೆಲ್ಲ ಸೇರಿಸಿ ಮೆರವಣಿಗೆಯ ಧಾಟಿ ಊದಿಬಿಟ್ಟ.

ಬತ್ತಾಸಿಯ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು ಕಿವಿ.

“ಬ್ಯಾಡ! ಬ್ಯಾಡಲೇ ಬತ್ತಾಸಿ! ಹೋಗು!” ಅಂತ ಪುಷ್ಪಾವತಿ ಕೂಗಿದಳು.

ಗೆರೆ ಇನ್ನು ಹತ್ತು ಮೊಳ ದೂರವಿತ್ತು. ಬತ್ತಾಸಿ ನಿಂತಿತು. ಮುಂಗಾಲು ಎತ್ತಿತು. ಕತ್ತು ಬಾಗಿಸಿ, ಬಾಲ ಎತ್ತಿ, ತಾಳಕ್ಕೆ ಸರಿಯಾಗಿ ಕುಣಿಯತೊಡಗಿತು. ಎಷ್ಟು ತಿಂಗಳಿನಿಂದ ತಡೆದಿಟ್ಟುಕೊಂಡಿದ್ದ ಕುಣಿತವೋ, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಗಾಡಿಯೂ ಕುಣಿಯಿತು, ಗಾಡಿಯ ಮೇಲಿನ ಪುಷ್ಪಾವತಿಯೂ ಕುಣಿದಳು. ಪಕ್ಕದಿಂದ ತೂಫಾನ ಸುಂಯ್ ಅಂತ ಹೋಗಿ ಗೆದ್ದದ್ದನ್ನು ಯಾರೂ ನೋಡಲೇ ಇಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು. ಬತ್ತಾಸಿ ಅಡ್ಡಡ್ಡ ಕುಣಿಯುತ್ತಲೇ ಗೆರೆ ದಾಟಿ, ಮೂರನೆಯ ಗಾಡಿ ಬರುವುದರೊಳಗೆ ಎರಡನೆಯ ನಂಬರು ಹೊಡೆಯಿತು.

ಪುಷ್ಪಾವತಿ ಗಾಡಿಯಿಂದ ಇಳಿದು ಸೆರಗು ಬಿಗಿದು ಗಂಡನ ಕಡೆ ನಡೆದಳು. ಜನ ದಾರಿ ಬಿಟ್ಟರು. ದುರ್ಗೇಶ ತುತ್ತೂರಿಯನ್ನು ಎದೆಗವಚಿಕೊಂಡು ನಿಂತಿದ್ದ.

“ಯಾಕ ಊದಿದ್ರಿ?”

“ನೀ ಮುಂದ ಬರಾಕತ್ತಿದ್ದಿ ಪುಷ್ಪೀ,” ಅಂದ ಅವನು. “ನನಗ ತಡಕೊಳ್ಳಾಕ ಆಗಲಿಲ್ಲ.”

ಅವಳು ಬೈಯಲು ಬಾಯಿ ತೆರೆದಳು. ತುಟಿ ಅದುರಿತು, ಹೊಟ್ಟೆ ಅದುರಿತು, ನಗು ಉಕ್ಕಿ ಬಂತು. ನಕ್ಕಳು, ನಿಲ್ಲಲಾಗದೆ ಹೊಲದ ಮಣ್ಣಿನಲ್ಲೇ ಕೂತು ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು, ಅದು ನಗುವಿನದೊಂದೇ ಅಲ್ಲ.

ಎರಡನೆಯ ಬಹುಮಾನ ಒಂದು ಫ್ರಿಜ್ಜು. ಅದನ್ನು ಟೆಂಪೋದಲ್ಲಿ ಬತ್ತಾಸಿಯ ಪಕ್ಕ ನಿಲ್ಲಿಸಿ ಮನೆಗೆ ತಂದರು. ಮೈಲವ್ವ ಉಳಿದ ಬದಾಮುಗಳನ್ನು ಅದರಲ್ಲಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಮರುವಾರವೇ ಬ್ಯಾಡಗಿಯಲ್ಲೊಂದು ಮದುವೆಗೆ ಬತ್ತಾಸಿ ಮತ್ತೆ ಝರಿ ಹೊದ್ದಿತು. ಕುಣಿತ ಮರೆತಿರಲಿಲ್ಲ ನಿಜ, ಆದರೆ ಓಟವೂ ಮರೆತಿರಲಿಲ್ಲ. ನಾಲ್ಕು ಹೆಜ್ಜೆ ಕುಣಿದು ಹತ್ತು ಹೆಜ್ಜೆ ಓಡುತ್ತಿತ್ತು. ಮದುಮಗ ಅದರ ಕತ್ತು ತಬ್ಬಿಕೊಂಡು, ಬೀಗರು ಬೆವರು ಸುರಿಸಿಕೊಂಡು, ಬ್ಯಾಂಡಿನವರು ಓಡುತ್ತ ಬಾರಿಸಿಕೊಂಡು ಮಂಟಪ ಮುಟ್ಟಿದಾಗ ಹೆಣ್ಣಿನ ಕಡೆಯವರು ಇನ್ನೂ ರಂಗೋಲಿ ಹಾಕುತ್ತಿದ್ದರು. ಇಷ್ಟು ಲಗೂ ಬಂದ ವರನನ್ನು ತಾವು ಕಂಡೇ ಇಲ್ಲ ಅಂತ ಭಟ್ಟರು ಭಾಳ ಖುಷಿಪಟ್ಟರು. ಹೀಗೆ ಎರಡು ಮೂರು ಮದುವೆಗಳಾದ ಮೇಲೆ ಬತ್ತಾಸಿ ತನ್ನ ಹಳೆಯ ನಡಿಗೆಗೆ ಬಂತು. ಸೊಪ್ಪಿನ ಬುಟ್ಟಿಯ ಗುರುತು ಹತ್ತಿತು, ಮಕ್ಕಳಿಗೆ ಮೂಗು ಕೊಟ್ಟಿತು.

ಪುಷ್ಪಾವತಿಗೆ ಮಾತ್ರ ಹಳೆಯ ನಡಿಗೆ ಬರಲಿಲ್ಲ. ಸಂತೆಯ ದಾರಿಯಲ್ಲಿ ಟಾಂಗಾ ಕಟಕಟ ಅನ್ನುವಾಗ ಅವಳ ಕೈ ತುರಿಸುತ್ತಿತ್ತು. ಒಂದು ದಿನ ಕಾಸೀಮಸಾಬರ ಕಟ್ಟೆಯ ಮೇಲೆ ಕೂತು ಹೇಳಿಕೊಂಡಳು.

“ಚಾಚಾ, ಬತ್ತಾಸಿ ಶರ್ಯತ್ತು ಮರತೈತಿ. ನನಗ ಮರಿಯಾಕ ಆಗವಲ್ದು.”

ಕಾಸೀಮಸಾಬರು ಗಡ್ಡ ನೀವಿಕೊಂಡು ಅವಳನ್ನು ಹೊಸದಾಗಿ ನೋಡಿದರು. “ನಾವು ಎಲ್ಲಾರೂ ಕುದುರಿನ್ನ ನೋಡಿದ್ವಿ ಯವ್ವಾ. ಗಾಡಿ ಮ್ಯಾಲ ಕುಂತಾಕಿನ್ನ ಯಾರೂ ನೋಡಲಿಲ್ಲ.”

ಅಷ್ಟು ಸಾಕಾಯಿತು. ಮರುದಿನ ಬಸ್ಸು ಹತ್ತಿ ಬ್ಯಾಡಗಿಗೆ ಹೋದಳು. ಮೆಣಸಿನಕಾಯಿ ಸುಗ್ಗಿ. ಊರಿಗೆ ಊರೇ ಕೆಂಪಗೆ ಹರಡಿಕೊಂಡಿತ್ತು. ಪ್ರವೀಣಕುಮಾರನ ಅಂಗಡಿಯಲ್ಲಿ ಚೀಲ ಸುರಿಯುತ್ತಿದ್ದರು, ಘಾಟು ಗಾಳಿಯಲ್ಲಿ ನಿಂತಿತ್ತು.

“ಬರ್ರಿ ಅಕ್ಕಾರ, ಕುಂದ್ರಿ,” ಅಂದ ಅವನು.

“ಕುಂದ್ರಾಕ ಬಂದಿಲ್ರಿ. ತೂಫಾನನ ಲಗಾಮು ನನಗ... ನನಗ... ಆಕ್ಷೀ!”

“ಏನಂದ್ರಿ?”

“ಲಗಾಮು ನನಗ ಕೊಡ್... ಆಕ್ಷೀ! ಕೊಡ್ರಿ ಅಂತ ಕೇಳಾಕ... ಆಕ್ಷೀ!”

ದಿನವೂ ಅಲ್ಲೇ ಕೂರುವ ಪ್ರವೀಣಕುಮಾರನಿಗೂ ಅವಳನ್ನು ನೋಡಿ ಸೀನು ಹತ್ತಿತು. ಇಬ್ಬರೂ ಸೀನಿ, ನಕ್ಕು, ಮತ್ತೆ ಸೀನಿ, ಕೊನೆಗೆ ಓಡಿ ಬೀದಿಗೆ ಬಂದು ನಿಂತರು.

“ನಾನ ಕೇಳಬೇಕಂತ ಮಾಡಿದ್ನಿ ಅಕ್ಕಾರ. ಹೆಂಗ ಕೇಳೂದು ಅಂತ ಸುಮ್ಮನಿದ್ನಿ,” ಅಂದ ಅವನು ಕಣ್ಣೊರೆಸಿಕೊಳ್ಳುತ್ತ. ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. “ಈ ತೂಕ ಹೊತ್ತು ತೂಫಾನ ಗೆಲ್ಲತೈತಿ ಅಂದ್ರ, ನೀವು ಕುಂತ್ರ ಹಾರತೈತಿ.”

ತೂಫಾನ ಬತ್ತಾಸಿಯ ಹಾಗಿರಲಿಲ್ಲ. ಬೆಲ್ಲ ಕೊಟ್ಟರೆ ಮೂಸಿ ಬಿಡುತ್ತಿತ್ತು, ಹೆಸರು ಕರೆದರೆ ಕಿವಿಯೂ ಅಲ್ಲಾಡಿಸುತ್ತಿರಲಿಲ್ಲ, ಯಾರಾದರೂ ಛತ್ರಿ ಬಿಚ್ಚಿದರೆ ಲಾಯ ಒದ್ದು ಮುರಿಯುತ್ತಿತ್ತು. ಮೊದಮೊದಲು ಪುಷ್ಪಾವತಿಗೆ ಪಾಪ ಅನಿಸಿತು. ಗಾಡಿಗೆ ಕಟ್ಟಿದ ಮೇಲೆ ಪಾಪ ಅನಿಸಲಿಲ್ಲ. ಬೆರಳು ಒಂದು ಕೂದಲೆಳೆ ಅಲುಗಿದರೆ ಅದಕ್ಕೆ ತಿಳಿಯುತ್ತಿತ್ತು. ಅವಳು ಯೋಚಿಸುವ ಮೊದಲೇ ತಿರುಗಿರುತ್ತಿತ್ತು.

“ಇದಕ್ಕ ಬ್ಯಾರೆ ಏನೂ ಬ್ಯಾಡಾಗೇತ್ರಿ,” ಅಂತ ಗಂಡನಿಗೆ ಹೇಳಿದಳು. “ನನಗೂ ಗಾಡಿ ಮ್ಯಾಲ ಕುಂತಾಗ ಬ್ಯಾರೆ ಏನೂ ಬ್ಯಾಡ ಅನಸ್ತೈತಿ. ಇಳದ ಮ್ಯಾಲ ಎಲ್ಲಾ ಬೇಕು.”

“ಇಳಿತೀಯಲ್ಲ, ಅಷ್ಟ ಸಾಕು,” ಅಂದ ದುರ್ಗೇಶ. ಅಂದಿನಿಂದ ಟಾಂಗಾ ಮತ್ತು ಮೆರವಣಿಗೆಯಲ್ಲಿ ಬತ್ತಾಸಿಯ ಹಗ್ಗ ಅವನ ಕೈಗೆ ಬಂತು.

ಹಾವೇರಿಯ ಶರ್ಯತ್ತಿಗೆ ಅವನು ಹೋಗಲಿಲ್ಲ. ಅಂದೇ ರಾಣೆಬೆನ್ನೂರಿನಲ್ಲಿ ಮದುವೆ ಹಿಡಿದಿದ್ದ. ಅಲ್ಲಿ ಹಾವೇರಿಯಲ್ಲಿ ಪ್ರವೀಣಕುಮಾರ ಸಂಘದವರಿಗೆ ಹೇಳಿ ಜನರನ್ನು ಹಗ್ಗದಾಚೆ ನಿಲ್ಲಿಸಿದ್ದ, ಛತ್ರಿಗಳನ್ನು ಮಡಚಿಸಿದ್ದ. ಆಮೇಲೆ ಆದದ್ದನ್ನು ವಿವರಿಸಲು ಹೆಚ್ಚಿಲ್ಲ. ತೂಫಾನ ಹೋಯಿತು, ಬಾವುಟ ಸುತ್ತಿತು, ಬಂತು. ಎರಡನೆಯ ಗಾಡಿ ಆಗಿನ್ನೂ ಅರ್ಧ ಹೊಲದಲ್ಲಿತ್ತು. ಬಹುಮಾನ ಕೊಡುವಾಗ ಪುಷ್ಪಾವತಿಗೆ ನಗು ಹತ್ತಿ ನಿಲ್ಲಲೇ ಇಲ್ಲ. ಹಾರ ಹಾಕಲು ಬಂದ ಹಿರಿಯರು “ಯಾಕವ್ವಾ?” ಅಂತ ಕೇಳುತ್ತಲೇ ತಾವೂ ನಗಲು ಸುರು ಮಾಡಿದರು.

ವೇದಿಕೆಯಿಂದ ಇಳಿದವಳೇ ಗಂಡನಿಗೆ ಫೋನು ಹಚ್ಚಿದಳು. ಅತ್ತ ಬ್ಯಾಂಡಿನ ಗದ್ದಲ.

“ಗೆದ್ದೆ!” ಅಂತ ಕೂಗಿದಳು.

“ಬಿದ್ದೀ? ಎಲ್ಲಿ ಬಿದ್ದಿ? ಪೆಟ್ಟಾತೇನು?”

“ಬಿದ್ದಿಲ್ರೀ, ಗೆದ್ದೆ! ಗೆದ್ದೆ!”

ದುರ್ಗೇಶ ಕೈ ಎತ್ತಿ ಬ್ಯಾಂಡು ನಿಲ್ಲಿಸಿದ. ಮೆರವಣಿಗೆ ನಿಂತಿತು. ಬತ್ತಾಸಿಯ ಮೇಲಿದ್ದ ಮದುಮಗ ಬಾಸಿಂಗ ಸರಿಸಿ “ಏನಾತ್ರಿ?” ಅಂತ ಬಗ್ಗಿದ. ಫೋನಿನಲ್ಲಿ ಮೂರನೆಯ ಸಲ ‘ಗೆದ್ದೆ’ ಅನ್ನುವುದು ಇಡೀ ಬೀದಿಗೆ ಕೇಳಿಸಿತು. ಮದುವೆಗೂ ಶರ್ಯತ್ತಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಬೀಗರು ಶಿಳ್ಳೆ ಹಾಕಿದರು.

ಸಂಜೆ ತೂಫಾನನನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಹೈವೇ ಹಿಡಿದು ಹೊರಟರು. ಪುಷ್ಪಾವತಿ ಹಾರ ಹಾಕಿಕೊಂಡೇ ಡ್ರೈವರನ ಪಕ್ಕ ಕೂತು, ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದಳು.

“ಇನ್ನಷ್ಟು ಲಗೂ ಹೋಗೂದಿಲ್ಲೇನ ತಮ್ಮಾ ಇದು?”

“ಇಷ್ಟ ಹೋಗೂದ್ರಿ ಅಕ್ಕಾರ,” ಅಂದ ಅವನು. “ಇದಕ್ಕ ಬದಾಮು ಹಾಕಿಲ್ಲ.”